ಅಪ್‌ಡೇಟ್: ಬರೀ ಬೀಪ್ ಅನ್ನುತ್ತಿದ್ದ ಕಂಪ್ಯೂಟರ್ ಸರಿಹೋಯ್ತು

ಹೋದ ವಾರ ಕೇಳಿದ್ದೆ: ಕಾರವಾರದ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಆನ್ ಮಾಡಿದ್ರೆ ಬೀಪ್ ಮೇಲೆ ಬೀಪ್, ಪರದೆ ಕಪ್ಪು, ಏನು ಮಾಡ್ಲಿ ಅಂತ. ನೀವು ಹೇಳಿದ ಹಾಗೇ ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ರ‍್ಯಾಮ್ ಅನ್ನೋ ಮೆಮೊರಿ ಹಲಗೆ ತೆಗೆದೆ. ಅದರ ಬಂಗಾರದ ಬಣ್ಣದ ಪಟ್ಟಿಗಳ ಮೇಲೆ ಮಂಕು ಪೊರೆ! ಕಡಲ ಗಾಳಿ, ಮೇಲಿಂದ ಮಳೆಗಾಲದ ತೇವ. ನಮ್ಮಲ್ಲಿ ಕಿಟಕಿ ಚಿಲಕವನ್ನೂ ತುಕ್ಕು ಬಿಡೋದಿಲ್ಲ. ಮಗಳ ಬಿಳಿ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಕೊಡವಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿದೆ. ಒಂದೇ ಒಂದು ಚಿಕ್ಕ ಬೀಪ್, ಪರದೆ ಬಂತು.

ದಿನಾಂಕ ಮಾತ್ರ ಪ್ರತಿ ಸಲ ಹಿಂದಕ್ಕೆ ಹೋಗ್ತಿತ್ತು. ಒಳಗಿನ ಮುಖ್ಯ ಹಲಗೆ, ಅಂದ್ರೆ ಮದರ್‌ಬೋರ್ಡಿನ ಸಿಆರ್2032, ಅದೇ ಗಡಿಯಾರ ನಡೆಸೋ 3 ವೋಲ್ಟಿನ ನಾಣ್ಯದಂಥ ಸೆಲ್, ಬದಲಿಸಿದೆ, ಅದೂ ಸರಿಹೋಯ್ತು. ತಾಳ್ಮೆಯಿಂದ ಹೇಳಿಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.