ಬೆಳ್ಳಿ-ಜಿಯೋಲೈಟ್: 410ರ ಪೀಕ್ ಕ್ಲಸ್ಟರಿನದೋ, ಲೋಹದ ಕಣದ್ದೋ?

ಹೇಮಾವತಿ_ದಂಡೆ, ಹಾಸನ:

ನಮಸ್ಕಾರ. ಜಿಯೋಲೈಟ್ 4ಎ (ಒಳಗೆ ಸೂಕ್ಷ್ಮ ಪಂಜರಗಳಿರುವ ಸೋಡಿಯಂ-ಅಲ್ಯೂಮಿನಿಯಂ-ಸಿಲಿಕಾದ ಹರಳು) ಪಂಜರಗಳೊಳಗೆ ಬೆಳ್ಳಿಯ ಸಣ್ಣ ಕ್ಲಸ್ಟರ್ (ಕೆಲವೇ ಪರಮಾಣುಗಳ ಗುಂಪು) ಕಟ್ಟಿಸುವ ಕೆಲಸ ನಡೆದಿದೆ. 4ಎ ಇಲ್ಲೇ ತಯಾರಿಸಿದ್ದು, ಸಿಲಿಕಾಕ್ಕೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. 1 ಗ್ರಾಂ ಪುಡಿಗೆ 0.01 ಮೋಲಾರ್ ಸಿಲ್ವರ್ ನೈಟ್ರೇಟ್ 100 ಮಿ.ಲೀ., ಕತ್ತಲಲ್ಲಿ 2 ಗಂಟೆ ಕಲಕಿ, ಸೋಸಿ, ಆರ್‌ಓ ನೀರಲ್ಲಿ ತೊಳೆದದ್ದು. ನಂತರ ಮಫಲ್ ಫರ್ನೇಸ್, ನಿಮಿಷಕ್ಕೆ 5 ಡಿಗ್ರಿ ಏರಿಕೆ, 450 ಡಿಗ್ರಿಯಲ್ಲಿ 12 ಗಂಟೆ.

ಬಣ್ಣ ಹಳದಿ ಮಿಶ್ರಿತ ಕಂದು. ಡಿಆರ್‌ಎಸ್‌ನಲ್ಲಿ (ಪುಡಿಯಿಂದ ಚದುರಿ ಬರುವ ಬೆಳಕಿನ ಸ್ಪೆಕ್ಟ್ರಮ್) 410 ನ್ಯಾನೋಮೀಟರ್ ಬಳಿ ಅಗಲವಾದ ಪೀಕ್, 550ರವರೆಗೆ ಬಾಲ. 365ರ ಯುವಿ ದೀಪದಡಿ ಏನೂ ಬೆಳಗುತ್ತಿಲ್ಲ. ಇದನ್ನು ಕ್ಲಸ್ಟರ್ ಎನ್ನಬಹುದೇ? ಮುಂದೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಮಾಡಿಸಬೇಕೋ, ಎಕ್ಸಾಫ್ಸ್‌ಗೆ (ಪರಮಾಣುವಿನ ನೆರೆಹೊರೆ ತಿಳಿಸುವ ಎಕ್ಸ್-ಕಿರಣ ಹೀರಿಕೆಯ ಅಳತೆ) ಅರ್ಜಿ ಹಾಕಬೇಕೋ?

ಪಂಜರ_ಕಿಟಕಿ, ಚಿಕ್ಕಮಗಳೂರು:

ಈ ಪೀಕ್ ಒಂದನ್ನೇ ನಂಬಿ ಕ್ಲಸ್ಟರ್ ಎಂದು ಬರೆಯಬೇಡಿ. 400ರ ಆಸುಪಾಸು ಅಗಲವಾದ ಪೀಕ್ ಕಂಡರೆ ಮೊದಲ ಅನುಮಾನ ಹರಳಿನ ಹೊರಮೈಯಲ್ಲಿ ಕೂತ ಬೆಳ್ಳಿ ಕಣಗಳ ಪ್ಲಾಸ್ಮಾನ್ (ಲೋಹದ ಎಲೆಕ್ಟ್ರಾನುಗಳು ಬೆಳಕಿಗೆ ಒಟ್ಟಾಗಿ ಓಲಾಡುವುದು) ಮೇಲೆ. 4ಎಯ ದೊಡ್ಡ ಪಂಜರದ ಒಳ ಅಗಲ ಸುಮಾರು 11.4 ಆಂಗ್‌ಸ್ಟ್ರಾಮ್, ಸೋಡಲೈಟ್ ಪಂಜರದ್ದು 6.6. ಪ್ಲಾಸ್ಮಾನ್ ತೋರಿಸುವಷ್ಟು ದೊಡ್ಡ ಕಣ ಅದರೊಳಗೆ ಹಿಡಿಸುವುದಿಲ್ಲ.

ಹಾಗೆಂದು ಹಳದಿಯೆಲ್ಲ ಲೋಹವೂ ಅಲ್ಲ. ಸೋಡಿಯಂ ಜಾಗದಲ್ಲೆಲ್ಲ ಬೆಳ್ಳಿ ಬಂದು ಪೂರ್ತಿ ವಿನಿಮಯವಾದ ಬೆಳ್ಳಿ-ಎ ತೇವವಿದ್ದಾಗ ಬಿಳಿ, ನಿರ್ವಾತಕ್ಕೆ ಹಾಕಿದರೆ ಹಳದಿ, ಕಾಯಿಸಿದರೆ ಇಟ್ಟಿಗೆ ಕೆಂಪು, ತೇವ ತಗುಲಿದರೆ ಮತ್ತೆ ಬಿಳಿ. ಈ ಬಣ್ಣ ಆರು ಪರಮಾಣುಗಳ ಕ್ಲಸ್ಟರಿನದು ಎಂದು ಒಂದು ಪಕ್ಷ. ಚೌಕಟ್ಟಿನ ಆಮ್ಲಜನಕದಿಂದ ಬೆಳ್ಳಿ ಅಯಾನಿಗೆ ಆಗುವ ಚಾರ್ಜ್ ಟ್ರಾನ್ಸ್‌ಫರ್ (ಬೆಳಕು ಹೀರಿ ಎಲೆಕ್ಟ್ರಾನ್ ದಾಟುವುದು) ಎಂದು ಇನ್ನೊಂದು. ಆದ್ದರಿಂದ ಮೊದಲು ಖರ್ಚಿಲ್ಲದ ಪರೀಕ್ಷೆ ಮಾಡಿ: ಪುಡಿಯನ್ನು ತೆಳುವಾಗಿ ಹರಡಿ ಒಂದು ರಾತ್ರಿ ತೇವದ ಗಾಳಿಗೆ ಬಿಟ್ಟು ಮತ್ತೆ ಡಿಆರ್‌ಎಸ್ ತೆಗೆಯಿರಿ. ಬಣ್ಣ ಕುಂದಿದರೆ ಒಳಗಿನ ಬೆಳ್ಳಿ. ಜಪ್ಪಯ್ಯ ಅನ್ನದಿದ್ದರೆ ಬಹುತೇಕ ಲೋಹ.

ತಯಾರಿಯಲ್ಲಿ ಎರಡು ಕಡೆ ಕಣ್ಣಿಡಿ. ಮೊದಲನೆಯದು ಉಳಿದ ಕ್ಷಾರ. ಮನೆಯಲ್ಲೇ ತಯಾರಿಸಿದ 4ಎಯಲ್ಲಿ ಕಾಸ್ಟಿಕ್ ಸೋಡಾ ಪೂರ್ತಿ ಹೋಗಿರುವುದಿಲ್ಲ. ಬೆಳ್ಳಿ ದ್ರಾವಣ ಬಿದ್ದೊಡನೆ ಕಂದು ಸಿಲ್ವರ್ ಆಕ್ಸೈಡ್ ಕೂತು, ಕಾಯಿಸುವಾಗ ನೇರ ಲೋಹವಾಗುತ್ತದೆ. ತೊಳೆದ ನೀರಿನ ಪಿಎಚ್ 9ಕ್ಕಿಂತ ಕೆಳಗೆ ಬರುವ ತನಕ ತೊಳೆಯಿರಿ, ಆದರೆ ಆಮ್ಲ ಹಾಕಿ ಇಳಿಸಬೇಡಿ. ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 1 ಇರುವ ಈ ಚೌಕಟ್ಟು ಆಮ್ಲಕ್ಕೆ ಕುಸಿದುಬಿಡುತ್ತದೆ. ಹೈಡ್ರೋಜನ್ ಹಾಯಿಸಿ ಅಪಕರ್ಷಣ (ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಲೋಹವಾಗಿಸುವುದು) ಮಾಡುವುದೂ ಇದೇ ಕಾರಣಕ್ಕೆ ಬೇಡ: ಪ್ರತಿ ಬೆಳ್ಳಿ ಅಯಾನಿಗೆ ಒಂದು ಪ್ರೋಟಾನ್ ಹುಟ್ಟುತ್ತದೆ, ಬೆಳ್ಳಿಯೂ ಹೊರಗೆ ಸರಿದು ಕಣವಾಗುತ್ತದೆ.

ಎರಡನೆಯದು ಕ್ಲೋರೈಡ್. ಆರ್‌ಓ ನೀರು ಸಾಲದು, ಡಿಸ್ಟಿಲ್ಡ್ ನೀರೇ ಬೇಕು. ಪರೀಕ್ಷಾ ನಳಿಕೆಯಲ್ಲಿ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಡಿ; ಮಬ್ಬಾದರೆ ಆ ನೀರು ಕೆಲಸಕ್ಕೆ ಬಾರದು.

ಲೆಕ್ಕವನ್ನೂ ನೋಡಿಬಿಡಿ. ತೇವದ 4ಎ ಒಂದು ಗ್ರಾಮಿನಲ್ಲಿ ಸೋಡಿಯಂ ಸುಮಾರು 5.48 ಮಿಲಿಮೋಲ್. ನೀವು ಹಾಕಿದ್ದು 1 ಮಿಲಿಮೋಲ್ ಬೆಳ್ಳಿ, ಅಂದರೆ ದೊಡ್ಡ ಪಂಜರವೊಂದಕ್ಕೆ ಸರಾಸರಿ 2.2. ಸಮವಾಗಿ ಹಂಚುವುದು ಮುಖ್ಯ: ದ್ರಾವಣವನ್ನು ಒಮ್ಮೆಲೇ ಸುರಿಯದೆ, ಪುಡಿ ಕಲಕುತ್ತಿರುವಾಗ ಹನಿಹನಿಯಾಗಿ ಬಿಡಿ.

ಮಲೆನಾಡ_ರೋಹಿತ:

ಮೇಲಿನದಕ್ಕೆ ಸೇರಿಸುತ್ತೇನೆ. 365ರ ದೀಪದಡಿ ಬೆಳಗಲಿಲ್ಲವೆಂದು ಸ್ಯಾಂಪಲ್ ಎಸೆಯಬೇಡಿ. ಬೆಳ್ಳಿ ಕ್ಲಸ್ಟರುಗಳು ಅದಕ್ಕಿಂತ ಕಡಿಮೆ ತರಂಗಾಂತರದಲ್ಲಿ ಹೆಚ್ಚು ಹೀರುವುದುಂಟು. ಬಯೋಟೆಕ್ ವಿಭಾಗದ ಟ್ರಾನ್ಸ್‌ಇಲ್ಯುಮಿನೇಟರಿನ 302 ಮತ್ತು ಕೈದೀಪದ 254 ಎರಡರಲ್ಲೂ ನೋಡಿ. ಬೂದಿಯಿಂದ ಕಬ್ಬಿಣ ಬಂದಿದ್ದರೆ ಬೆಳಕನ್ನು ನುಂಗುತ್ತದೆ, ಹಾಗಾಗಿ ಹೋಲಿಕೆಗೆ ಅಂಗಡಿಯ ಶುದ್ಧ 4ಎಯಲ್ಲೂ ಒಂದು ಬ್ಯಾಚ್ ಮಾಡಲೇಬೇಕು.

ಅಳತೆಯ ಅನುಕ್ರಮ ಬಹಳ ಮುಖ್ಯ. ಮೊದಲು ಎಕ್ಸ್‌ಆರ್‌ಡಿ (ಹರಳಿನ ರಚನೆ ತೋರಿಸುವ ಎಕ್ಸ್-ಕಿರಣ ವಿವರ್ತನೆ): ತಾಮ್ರದ ಎಕ್ಸ್-ಕಿರಣದಲ್ಲಿ 38.1 ಮತ್ತು 44.3 ಡಿಗ್ರಿಯಲ್ಲಿ ಲೋಹದ ಬೆಳ್ಳಿ, 7.2, 10.2, 12.5ರಲ್ಲಿ ಚೌಕಟ್ಟು. 38.1ರಲ್ಲಿ ಚೂಪು ಪೀಕ್ ಎದ್ದರೆ ಕಣಗಳು ಹೊರಗಿವೆ ಎಂದೇ ಅರ್ಥ. ಪೀಕ್ ಇಲ್ಲದಿದ್ದರೂ ನಿಶ್ಚಿಂತೆಯಿಲ್ಲ, 2-3 ನ್ಯಾನೋಮೀಟರ್ ಕಣಗಳ ಪೀಕ್ ಅಗಲವಾಗಿ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಟಿಇಎಂ ಕೊನೆಗೆ. ಎಲೆಕ್ಟ್ರಾನ್ ಕಿರಣವೇ ಅಯಾನುಗಳನ್ನು ಅಪಕರ್ಷಿಸಿ ನಿಮ್ಮ ಕಣ್ಣೆದುರೇ ಕಣ ಕಟ್ಟುತ್ತದೆ. ಆ ಚಿತ್ರ ಮೂಲ ಸ್ಯಾಂಪಲ್‌ನದಲ್ಲ.

ಐಆರ್ (ಅವಗೆಂಪು ಸ್ಪೆಕ್ಟ್ರಮ್) ಮಾಡುವುದಿದ್ದರೆ ಪೊಟ್ಯಾಸಿಯಂ ಬ್ರೋಮೈಡ್ ಪೆಲೆಟ್ ಬೇಡವೇ ಬೇಡ. ಅರೆಯುವಾಗಲೇ ಸಿಲ್ವರ್ ಬ್ರೋಮೈಡ್ ಆಗಿಬಿಡಬಹುದು. ಪುಡಿಯನ್ನು ನೇರ ಹರಳಿನ ಮೇಲೆ ಒತ್ತಿ ಅಳೆಯುವ ಎಟಿಆರ್ ಬಳಸಿ. ಡಿಆರ್‌ಎಸ್‌ಗೆ ಬೇರಿಯಂ ಸಲ್ಫೇಟಿನಲ್ಲಿ ಶೇ. 5ರಷ್ಟು ಬೆರೆಸಿ, ಕುಬೆಲ್ಕಾ-ಮಂಕ್‌ಗೆ (ಪ್ರತಿಫಲನವನ್ನು ಹೀರಿಕೆಯ ರೂಪಕ್ಕೆ ತರುವ ಸೂತ್ರ) ಪರಿವರ್ತಿಸಿ. ಬೆಳ್ಳಿ ಹಾಕದೆ ಅದೇ ರೀತಿ ಕಾಯಿಸಿದ 4ಎಯ ರೇಖೆಯನ್ನೂ ಪಕ್ಕದಲ್ಲಿ ಕೊಡಿ.

ಹೇಮಾವತಿ_ದಂಡೆ:

ಧನ್ಯವಾದ ಸರ್. ಎಕ್ಸಾಫ್ಸ್ ಮತ್ತು ಇಎಸ್‌ಆರ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಹಿಡಿಯುವ ಅಳತೆ) ಬಗ್ಗೆ? ಮಳೆಗಾಲದಲ್ಲಿ ಸ್ಯಾಂಪಲ್ ಇಡುವುದು ಹೇಗೆ?

ಮಲೆನಾಡ_ರೋಹಿತ:

ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ (ತೀವ್ರ ಎಕ್ಸ್-ಕಿರಣ ಕೊಡುವ ಯಂತ್ರ) ಸ್ಕ್ಯಾನಿಂಗ್ ಎಕ್ಸಾಫ್ಸ್ ಬೀಮ್‌ಲೈನ್ ಸುಮಾರು 25 ಕಿಲೋ ಎಲೆಕ್ಟ್ರಾನ್‌ವೋಲ್ಟ್ ತನಕ. ಬೆಳ್ಳಿಯ ಕೆ-ಅಂಚು (ಒಳಗಿನ ಎಲೆಕ್ಟ್ರಾನ್ ಹೊರಬಂದು ಹೀರಿಕೆ ಥಟ್ಟನೆ ಏರುವ ಶಕ್ತಿ) 25.51ರಲ್ಲಿದೆ, ಅದರಾಚೆಗೂ ನೂರಾರು ಎಲೆಕ್ಟ್ರಾನ್‌ವೋಲ್ಟ್ ಬೇಕು. ಬೆಳ್ಳಿಗೆ ಹೆಚ್ಚು ಶಕ್ತಿಯ ಬೀಮ್‌ಲೈನ್ ಬೇಕು. ದತ್ತಾಂಶ ಸಿಕ್ಕ ಮೇಲೆ ನೆನಪಿಡಿ: ಲೋಹದಲ್ಲಿ ಬೆಳ್ಳಿಗೆ 12 ನೆರೆ, 2.89 ಆಂಗ್‌ಸ್ಟ್ರಾಮ್ ದೂರ. ನಾಲ್ಕರ ಕ್ಲಸ್ಟರಿನಲ್ಲಿ 3 ನೆರೆ. ಒಂಟಿ ಅಯಾನುಗಳೂ ಸರಾಸರಿಯಲ್ಲಿ ಸೇರುವುದರಿಂದ 3ಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ.

ಇಎಸ್‌ಆರ್ 77 ಕೆಲ್ವಿನ್‌ನಲ್ಲಿ ತೆಗೆಸಿ. ಬೆಳ್ಳಿಯ ಎರಡೂ ಐಸೊಟೋಪುಗಳ ಸ್ಪಿನ್ ಅರ್ಧ, ಹಾಗಾಗಿ ಆರು ಸಮಾನ ಪರಮಾಣುಗಳ ಒಂದು ಧನಾವೇಶದ ಕ್ಲಸ್ಟರ್ ಏಳು ಗೆರೆ ಕೊಡುತ್ತದೆ. ಆದರೆ ಬೆಳಗುವ ನಾಲ್ಕರ ಕ್ಲಸ್ಟರಿನಲ್ಲಿ ಎರಡು ಧನಾವೇಶ, ಎಲೆಕ್ಟ್ರಾನುಗಳೆಲ್ಲ ಜೋಡಿ. ಅದು ಇಎಸ್‌ಆರ್‌ಗೆ ಕಾಣುವುದೇ ಇಲ್ಲ. ಗೆರೆ ಬರಲಿಲ್ಲವೆಂದು ಕ್ಲಸ್ಟರ್ ಇಲ್ಲ ಎನ್ನಬೇಡಿ.

ಪಂಜರ_ಕಿಟಕಿ, ಚಿಕ್ಕಮಗಳೂರು:

ಶೇಖರಣೆ ಬಗ್ಗೆ: ಡೆಸಿಕೇಟರಿನ ಸಿಲಿಕಾ ಜೆಲ್ ಜಿಯೋಲೈಟನ್ನು ಒಣಗಿಸಲಾರದು, ಜಿಯೋಲೈಟೇ ಅದರ ನೀರನ್ನು ಎಳೆದುಕೊಳ್ಳುತ್ತದೆ. ತೇವವನ್ನು ತಡೆಯುವ ಬದಲು ಒಂದೇ ಮಟ್ಟದಲ್ಲಿಡಿ. ಮುಚ್ಚಿದ ಡಬ್ಬದಲ್ಲಿ ಮೆಗ್ನೀಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇ. 53ರಲ್ಲಿ ನಿಲ್ಲುತ್ತದೆ, ಕ್ಲೋರೈಡಿನ ಭಯವೂ ಇಲ್ಲ. ಆಷಾಢದ ಸ್ಪೆಕ್ಟ್ರಮ್ಮನ್ನು ಮಾರ್ಚ್‌ನದರ ಜೊತೆ ಹೋಲಿಸಲು ಆಗುವುದು ಆಗಲೇ. ಶೀಶೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬೆಳಕಿಗೂ ಬೆಳ್ಳಿ ಕಪ್ಪಾಗುತ್ತದೆ.