9 ವಾರದ ಕೂಸು, ಗೋಣು ಬಲಕ್ಕೆ ವಾಲಿದೆ: ಯಾರಿಗೆ ಮೊದಲು ತೋರಿಸೋದು, ಮನೆಯಲ್ಲಿ ಏನು ಮಾಡಿಸೋದು?

ಜಗಳೂರು_ಫಿಸಿಯೋ

ಚೊಚ್ಚಲ ಗಂಡು ಕೂಸು. ಬ್ರೀಚ್ (ಹೊಟ್ಟೆಯಲ್ಲಿ ತಲೆ ಮೇಲೆ, ಕುಂಡಿ ಕೆಳಗೆ) ಇದ್ದಿದ್ದರಿಂದ ಸಿಸೇರಿಯನ್ ಆಗಿದೆ. ತಲೆ ಬಲ ಭುಜದ ಕಡೆ ವಾಲಿದೆ, ಗದ್ದ ಎಡಕ್ಕೆ ತಿರುಗಿದೆ. ಬಲಗಡೆ ಸ್ಟರ್ನೋಮಾಸ್ಟಾಯ್ಡ್ (ಕಿವಿ ಹಿಂದಿಂದ ಎದೆಮೂಳೆಗೆ ಇಳಿಯುವ) ಸ್ನಾಯುವಿನ ನಡುವೆ ಅಡಿಕೆ ಗಾತ್ರದ ಗಟ್ಟಿ ಗಂಟು ಸಿಗ್ತದೆ, ಮುಟ್ಟಿದರೆ ಅಳಲ್ಲ. ಮುಖವನ್ನು ನಾನೇ ತಿರುಗಿಸಿದಾಗ ಎಡಕ್ಕೆ ಪೂರ್ತಿ ಹೋಗ್ತದೆ, ಬಲಕ್ಕೆ ಸುಮಾರು 20 ಡಿಗ್ರಿ ಕಮ್ಮಿ. ಹಿಂದಲೆ ಎಡಗಡೆ ಚಪ್ಪಟೆಯಾಗ್ತಾ ಇದೆ. ಜ್ವರ ಇಲ್ಲ, ತೂಕ ಸರಿಯಾಗಿದೆ.

ತಾಯಿ ಐದನೇ ತಿಂಗಳವರೆಗೆ ತವರಲ್ಲೇ ಇರ್ತಾರೆ, ಆಮೇಲೆ ಹೊಸದುರ್ಗದ ಕಡೆ ಗಂಡನ ಮನೆಗೆ. ದಾವಣಗೆರೆಗೆ ಹದಿನೈದು ದಿನಕ್ಕೊಮ್ಮೆ ಬರಬಲ್ಲರು, ಅದಕ್ಕಿಂತ ಹೆಚ್ಚು ಕೂಲಿ ಬಿಟ್ಟು ಬರೋಕಾಗಲ್ಲ. ಯಾರ್ಯಾರಿಗೆ ಯಾವ ಕ್ರಮದಲ್ಲಿ ತೋರಿಸಬೇಕು? ಮನೆಯವರಿಗೆ ಏನು ಹೇಳಿಕೊಡಬೇಕು? ಅಜ್ಜಿ ಆಗಲೇ ಸಾಸಿವೆ ದಿಂಬು ಹೊಲಿಸಿಟ್ಟಿದ್ದಾರೆ. ಎರೆಯೋಕೆ ಬರುವಾಕೆ ದಿನಾ ಗೋಣು ಎಳೆದು "ಉಳುಕು ತೆಗೀತೀನಿ" ಅಂತಿದ್ದಾಳೆ.

ಮಕ್ಕಳ_ವೈದ್ಯ_ದುರ್ಗ

ಸ್ಟ್ರೆಚಿಂಗ್ ಮಾತು ಆಮೇಲೆ. ಮೊದಲು ಇದು ಸ್ನಾಯುವಿನದೇ ತೊಂದರೆ ಅಂತ ಗಟ್ಟಿ ಮಾಡಿಕೊಳ್ಳಿ. ನೀವು ಬರೆದ ಚಿತ್ರ ಹೆಚ್ಚುಕಮ್ಮಿ ಖಚಿತವಾಗಿ ಗೋಣಿನ ಸ್ನಾಯು ಬಿಗಿದು ತಲೆ ವಾಲುವ ಹುಟ್ಟಿನ ತೊಂದರೆ, ಅಂದರೆ ಟಾರ್ಟಿಕಾಲಿಸ್‌ದೇ. ಗಂಟು ಹುಟ್ಟಿದ ಎರಡು ಮೂರು ವಾರಕ್ಕೆ ಕೈಗೆ ಸಿಗೋಕೆ ಶುರುವಾಗಿ, ಒಂದಿಷ್ಟು ಬೆಳೆದು, ಮುಂದಿನ ತಿಂಗಳುಗಳಲ್ಲಿ ತಾನಾಗಿ ಕರಗ್ತದೆ. ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಸಾಕು, ಸೂಜಿ ಹಾಕಿ ಪರೀಕ್ಷೆ ಬೇಡ. ಗಂಟನ್ನು ತಿಕ್ಕಿ ಕರಗಿಸೋ ಪ್ರಯತ್ನವೂ ಬೇಡ.

ಆದರೆ ಈ ಕೂಸಿಗೆ ಗೋಣಿಗಿಂತ ಮುಂಚೆ ಸೊಂಟ ನೋಡಬೇಕು. ಟಾರ್ಟಿಕಾಲಿಸ್, ಬ್ರೀಚ್, ಚೊಚ್ಚಲು, ಮೂರೂ ಸೊಂಟದ ಕೀಲು ಜಾರುವ ತೊಂದರೆಯ ಜೊತೆ ಬರುವಂಥವು. ಕೈಯಿಂದ ಪರೀಕ್ಷೆ ಮಾಡಿದಾಗ ಸರಿ ಅನಿಸಿದರೂ ಸೊಂಟದ ಅಲ್ಟ್ರಾಸೌಂಡ್ ಮಾಡಿಸಿ. 4ರಿಂದ 6 ತಿಂಗಳು ದಾಟಿದರೆ ಮೂಳೆ ಗಟ್ಟಿಯಾಗಿ ಅಲ್ಟ್ರಾಸೌಂಡ್‌ನಲ್ಲಿ ಸರಿಯಾಗಿ ಕಾಣಲ್ಲ, ಆಗ ಎಕ್ಸ್‌ರೇ. ಅಲ್ಲಿಯವರೆಗೆ ಕಾಲು ನೀಟಾಗಿ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತೋದು ನಿಲ್ಲಿಸಿ. ಸೊಂಟದ ಕೆಳಗೆ ಬಟ್ಟೆ ಸಡಿಲ ಇರಲಿ.

ಸೊಂಟದ ತೊಂದರೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಪಟ್ಟಿಯಲ್ಲಿ ಇದೆ. ತಾಲ್ಲೂಕಿನ ಆರ್‌ಬಿಎಸ್‌ಕೆ ತಂಡದಿಂದ ರೆಫರಲ್ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆ ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ) ಕಳಿಸಿ. ಮಕ್ಕಳ ವೈದ್ಯರು, ಮೂಳೆ ವೈದ್ಯರು, ಸ್ಕ್ಯಾನ್ ಮೂರೂ ಒಂದೇ ದಿನ ಆಗುವಂತೆ ಮುಂಚೆ ಫೋನ್ ಮಾಡಿ ಕೇಳಿಕೊಂಡರೆ ಆ ಕುಟುಂಬಕ್ಕೆ ಒಂದು ಕೂಲಿ ಉಳೀತದೆ.

ಕೈ ಹಾಕದೆ ತಕ್ಷಣ ಕಳಿಸಬೇಕಾದ ಮಕ್ಕಳು: ಹುಟ್ಟಿದಾಗ ನೆಟ್ಟಗಿದ್ದು ತಿಂಗಳುಗಳ ಮೇಲೆ ಹಠಾತ್ತಾಗಿ ವಾಲಿದವರು, ವಾಂತಿ, ಮಂಕು ಇರುವವರು, ಕಣ್ಣುಗುಡ್ಡೆ ಅಲುಗಾಡುವವರು, ಗೋಣು ಮುಟ್ಟಿದರೆ ಚೀರುವವರು, ಗಂಟು ಸ್ನಾಯುವಿನ ಹೊರಗೆ ಇರುವವರು. ಗೋಣು ಗಿಡ್ಡ ಇದ್ದು ಹಿಂದಿನ ಕೂದಲು ತೀರಾ ಕೆಳಗಿಂದ ಶುರುವಾಗಿದ್ದರೆ ಮೂಳೆಯದೇ ತೊಂದರೆ ಇರಬಹುದು, ಎಕ್ಸ್‌ರೇ ಇಲ್ಲದೆ ತಿರುಗಿಸಬೇಡಿ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಕತ್ತಿನ ಮೇಲಿನ ಕೀಲು ಸಡಿಲ ಇರಬಹುದು, ಅವರಿಗೂ ಕೈಯಿಂದ ಎಳೆಯೋದು ಬೇಡ. ಹಾಲು ಕುಡಿದ ಮೇಲೆ ಮಾತ್ರ ಬೆನ್ನು ಬಿಲ್ಲಾಗಿಸಿ ಗೋಣು ತಿರುವುವ ಕೂಸಿಗೆ ಹೊಟ್ಟೆಯ ಹುಳಿ ಮೇಲೆ ಬರ್ತಿರಬಹುದು, ಅದಕ್ಕೆ ಕಸರತ್ತಲ್ಲ ಮದ್ದು.

ಕೂಸಿನ_ಕಸರತ್ತು (ದಾವಣಗೆರೆ)

ಡಾಕ್ಟರ್ ಹೇಳಿದ್ದು ಸರಿ. ಕಸರತ್ತಿನ ಭಾಗ ನಾನು ಹೇಳ್ತೀನಿ.

20 ಡಿಗ್ರಿ ವ್ಯತ್ಯಾಸ ಅಂದ ತಕ್ಷಣ "ಮಧ್ಯಮ" ಅಂತ ಬರೆದುಕೊಳ್ಳಬೇಡಿ. 6 ತಿಂಗಳೊಳಗಿನ ಕೂಸಿಗೆ ಸ್ನಾಯುವಿನಲ್ಲಿ ಗಂಟು ಇದ್ದರೆ 2018ರ ಅಮೆರಿಕದ ಫಿಸಿಯೋಥೆರಪಿ ಮಾರ್ಗಸೂಚಿ ಪ್ರಕಾರ ಅದು ತೀವ್ರದ ದರ್ಜೆ, ಡಿಗ್ರಿ ಎಷ್ಟೇ ಇರಲಿ. ಮನೆಯವರಿಗೆ "ಒಂದು ತಿಂಗಳಲ್ಲಿ ಸರಿಹೋಗ್ತದೆ" ಅಂದುಬಿಟ್ಟರೆ ಎರಡನೇ ತಿಂಗಳಿಗೆ ಬರೋದು ನಿಲ್ಲಿಸ್ತಾರೆ. ಅದೇ ಮಾರ್ಗಸೂಚಿಯ ಲೆಕ್ಕ: ಮೊದಲ ತಿಂಗಳೊಳಗೆ ಶುರು ಮಾಡಿದರೆ 98% ಕೂಸುಗಳಿಗೆ ಸುಮಾರು ಒಂದೂವರೆ ತಿಂಗಳಲ್ಲಿ ಗೋಣು ಪೂರ್ತಿ ತಿರುಗ್ತದೆ. ತಿಂಗಳು ದಾಟಿ ಶುರು ಮಾಡಿದರೆ ಸುಮಾರು 6 ತಿಂಗಳು, 6 ತಿಂಗಳು ದಾಟಿದರೆ 9-10 ತಿಂಗಳು. ನಿಮ್ಮದು ನಡುವಿನ ಗುಂಪು, ಹಾಗೇ ಹೇಳಿ.

ಕೈಯಿಂದ ಮಾಡಿಸೋದು ಎರಡೇ. ಒಂದು, ಮುಖ ಬಲಕ್ಕೆ ತಿರುಗಿಸೋದು. ಕೂಸು ಅಂಗಾತ ಮಲಗಿರಲಿ. ಒಂದು ಅಂಗೈಯಿಂದ ಎಡ ಭುಜ ಮೇಲೇಳದಂತೆ ಒತ್ತಿಡಿ, ಇನ್ನೊಂದು ಕೈ ತಲೆ ಮತ್ತು ಕೆನ್ನೆಗೆ ಕೊಟ್ಟು ಗದ್ದವನ್ನು ಬಲ ಭುಜದ ಕಡೆ ತನ್ನಿ. ದವಡೆ ಹಿಡಿದು ತಿರುಗಿಸಬಾರದು. ಎರಡು, ಎಡ ಕಿವಿಯನ್ನು ಎಡ ಭುಜಕ್ಕೆ ತರೋದು. ಇಲ್ಲಿ ಒತ್ತಿಡಬೇಕಾದ್ದು ಬಲ ಭುಜ. ಬಹಳ ಮನೆಗಳಲ್ಲಿ ಕೆಡೋದು ಇಲ್ಲೇ: ತಲೆ ಬಾಗ್ತದೆ, ಜೊತೆಗೆ ಬಲ ಭುಜವೂ ಕಿವಿಗೆ ಏರಿ ಬರ್ತದೆ, ನೋಡೋರಿಗೆ ಸ್ಟ್ರೆಚ್ ಆದಂಗೆ ಕಾಣ್ತದೆ, ಸ್ನಾಯು ಮಾತ್ರ ಎಳ್ಳಷ್ಟೂ ಹಿಗ್ಗಿರಲ್ಲ.

ತಲೆ ಹಿಂದಕ್ಕೂ ಮುಂದಕ್ಕೂ ಬಾಗದಂತೆ ನೆಟ್ಟಗಿರಲಿ. ಬಿಗಿ ಸಿಕ್ಕಲ್ಲಿ ನಿಲ್ಲಿಸಿ 10ರಿಂದ 30 ಸೆಕೆಂಡ್ ಹಿಡಿಯಿರಿ, ಮೂರು ಸಲ. ಲಂಗೋಟಿ ಬದಲಿಸಿದಾಗೆಲ್ಲ ಒಂದು ಸುತ್ತು ಅಂದರೆ ದಿನಕ್ಕೆ ಐದಾರು ಸುತ್ತು ತಾನಾಗೇ ಆಗ್ತದೆ. ಇಷ್ಟೇ ಅಂತ ಎಲ್ಲರೂ ಒಪ್ಪಿದ ಪ್ರಮಾಣ ಇಲ್ಲ, ಮೆಲ್ಲಗೆ ಮತ್ತು ಪದೇ ಪದೇ ಅನ್ನೋದು ಮುಖ್ಯ. ಕೂಸು ಎದುರು ಒತ್ತಿದರೆ ಬಿಡಿ. ಅಳುವ ಕೂಸು ಸ್ನಾಯು ಬಿಗಿ ಹಿಡೀತದೆ, ಆಗ ಎಳೆದರೆ ಜಗ್ಗಾಟ ಅಷ್ಟೇ. ಹಾಲಾದ ಮೇಲೆ ಅರ್ಧ ಗಂಟೆ ಬೇಡ. ಉಸಿರು ಅಥವಾ ಬಣ್ಣ ಬದಲಾದರೆ ನಿಲ್ಲಿಸಿ. ಗಂಟು ಇರುವ ಸ್ನಾಯು ಕೆಲವೊಮ್ಮೆ ಎಳೆತಕ್ಕೆ "ಟಕ್" ಅಂತ ಬಿಟ್ಟುಕೊಡ್ತದೆ, ಹಾಗೇನಾದರೂ ಆದರೆ ಕಸರತ್ತು ನಿಲ್ಲಿಸಿ ವೈದ್ಯರಿಗೆ ತೋರಿಸಿ. ಎರೆಯೋಕೆ ಬರುವಾಕೆ ಗೋಣು ಎಳೆಯೋದು ಇವತ್ತೇ ನಿಲ್ಲಬೇಕು ಅನ್ನೋದು ಇದಕ್ಕೇ.

ಇಷ್ಟೆಲ್ಲ ಸೇರಿಸಿದರೂ ದಿನಕ್ಕೆ ಇಪ್ಪತ್ತು ನಿಮಿಷ ದಾಟಲ್ಲ. ಉಳಿದ ಹೊತ್ತು ಕೂಸನ್ನು ಹೇಗೆ ಮಲಗಿಸ್ತಾರೆ, ಹೇಗೆ ಎತ್ಕೋತಾರೆ ಅನ್ನೋದರಲ್ಲೇ ಅರ್ಧಕ್ಕಿಂತ ಹೆಚ್ಚು ಚಿಕಿತ್ಸೆ ಇದೆ. ಮಲಗಿಸುವಾಗ ಗೋಡೆ ಕೂಸಿನ ಎಡಕ್ಕೆ, ಬಾಗಿಲು, ಬೆಳಕು, ಅಮ್ಮ ಬಲಕ್ಕೆ ಬರಲಿ. ಬಲಕ್ಕೆ ನೋಡಿದಷ್ಟೂ ಎಡ ಹಿಂದಲೆ ಮೇಲಿನ ಒತ್ತಡವೂ ಇಳೀತದೆ. ಗಿಲಕಿ ಆಡಿಸೋರು ಬಲಗಡೆಯಿಂದಲೇ ಆಡಿಸಲಿ. ಸೀರೆ ಜೋಲಿ ಕಮ್ಮಿ ಮಾಡಿ, ಅದರಲ್ಲಿ ಬೆನ್ನು ಬಾಗಿ ತಲೆ ತನ್ನ ಹಳೇ ಮೂಲೆಗೇ ಜಾರ್ತದೆ.

ಎತ್ತಿಕೊಳ್ಳೋದು: ಕೂಸಿನ ಬೆನ್ನು ನಿಮ್ಮ ಎದೆಗೆ, ಬಲ ಮಗ್ಗುಲು ಕೆಳಗೆ, ತಲೆ ನಿಮ್ಮ ಬಲಗೈ ಕಡೆ. ಬಲ ಮುಂಗೈ ಕೂಸಿನ ಬಲ ಕಿವಿ ಮತ್ತು ಭುಜದ ನಡುವೆ ಬಂದು ತಲೆಯನ್ನು ಮೇಲಕ್ಕೆತ್ತಲಿ, ಎಡಗೈ ಕಾಲುಗಳ ನಡುವೆ. ಅಂಗಳದಲ್ಲಿ ಎರಡು ಸುತ್ತು ಹೀಗೆ ಹೊತ್ತು ತಿರುಗಿದರೆ ಅದೇ ಸ್ಟ್ರೆಚ್, ಕೂಸು ಅಳೋದೂ ಇಲ್ಲ.

ಬೋರಲು ಹಾಕೋದು ಎಚ್ಚರ ಇದ್ದಾಗ, ಎದುರಿಗೆ ಒಬ್ಬರು ಕೂತಿದ್ದಾಗ ಮಾತ್ರ. ನೆಲದ ಮೇಲೆ ಕೌದಿ, ಎದೆ ಕೆಳಗೆ ಸುರುಳಿ ಸುತ್ತಿದ ಟವೆಲ್. 3-5 ನಿಮಿಷದಂತೆ ಹಲವು ಸಲ, ದಿನದ ಒಟ್ಟು 30 ನಿಮಿಷಕ್ಕೆ ಏರಿಸಿ. ನಿದ್ದೆ ಯಾವತ್ತೂ ಅಂಗಾತವೇ. ಸಾಸಿವೆ ದಿಂಬು ಅಜ್ಜಿಗೇ ಇರಲಿ: ವರ್ಷದೊಳಗಿನ ಕೂಸಿಗೆ ಮಲಗುವಾಗ ದಿಂಬು ಅಂದರೆ ಉಸಿರುಗಟ್ಟುವ ಅಪಾಯ, ಮೇಲಾಗಿ ಅದರ ಗುಳಿಯಲ್ಲಿ ತಲೆ ಕೂತರೆ ಬಲಕ್ಕೆ ತಿರುಗೋದು ಇನ್ನೂ ಕಷ್ಟ.

ಜಗಳೂರು_ಫಿಸಿಯೋ

ಇಬ್ಬರಿಗೂ ಧನ್ಯವಾದ. ಒಂದು ಬಿಟ್ಟೋಗಿತ್ತು: ಎಡ ಮೊಲೆಗೆ ಹಾಕಿದರೆ ಕೂಸು ಹಟ ಮಾಡ್ತದೆ, ತಾಯಿ ಬಲಗಡೆಯೇ ಕುಡಿಸ್ತಿದ್ದಾರೆ. ಬಲಗಡೆ ಗೋಣಿನ ಮಡಿಕೆಯಲ್ಲಿ ಕೆಂಪೂ ಆಗಿದೆ.

ಪಿಎಚ್‌ಸಿಒ_ಹೊಳಲ್ಕೆರೆ

ಹಟ ಅಲ್ಲ ಸರ್ ಅದು. ತೊಡೆ ಮೇಲೆ ಅಡ್ಡ ಮಲಗಿಸ್ಕೊಂಡು ಎಡಕ್ಕೆ ಹಾಕಿದ್ರೆ ಕೂಸು ಬಲಕ್ಕೆ ತಿರುಗ್ಬೇಕು, ಅದಕ್ಕೆ ಆಗಲ್ಲ. ಎಡಗಡೆ ಕುಡಿಸೋವಾಗ ಕೂಸನ್ನ ತಾಯಿಯ ಎಡ ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಹೋಗಂಗೆ ಹಿಡಿಸಿ. ಆಗ ಮುಖ ಎಡಕ್ಕೇ ಇರ್ತೈತೆ, ಸುಮ್ನೆ ಕುಡೀತೈತೆ. ಹಾಲು ಕಟ್ಟಿ ಎದೆ ಬಾತ್ರೆ ಇನ್ನೊಂದು ರಾಮಾಯಣ, ಅದಕ್ಕೆ ಮೊದ್ಲು ಹೊಟ್ಟೆ ತುಂಬೋದು ನೋಡಿ. ಅದು ರೂಢಿ ಆದ್ಮೇಲೆ ಬಲ ಮೊಲೆಗೆ ಬಲ ಕಂಕುಳ ಕೆಳಗಿಂದ ಹಿಡಿಸಿ. ಆವಾಗ ಕೂಸು ಬಲಕ್ಕೆ ತಿರುಗೇ ಕುಡೀಬೇಕು, ಕಸರತ್ತೂ ಆಯ್ತು, ಹಾಲೂ ಆಯ್ತು.

ಕೆಂಪಾಗಿದ್ದಕ್ಕೆ ಪೌಡರ್ ಹಾಕ್ತಿದ್ದಾರಾ ಕೇಳಿ, ಹಾಕೇ ಇರ್ತಾರೆ. ಎಣ್ಣೆ, ಹಾಲು, ಪೌಡರ್ ಸೇರಿ ಮಡಿಕೇಲಿ ಹಿಟ್ಟಿನಂಗೆ ಕೂತಿರ್ತೈತೆ. ಉಗುರು ಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿದ ಮೆತ್ತನೆ ಬಟ್ಟೇಲಿ ಒರೆಸಿ, ಗಾಳಿಗೆ ಆರಿಸಬೇಕು. ಅಂಚಲ್ಲಿ ಸಣ್ಣ ಗುಳ್ಳೆ ಎದ್ದಿದ್ರೆ ಫಂಗಸ್, ಡಾಕ್ಟ್ರು ಮುಲಾಮು ಬರೀತಾರೆ.

ಎರೆಯೋಕೆ ಬರೋಳ್ನ ಬೈಬೇಡಿ, ಬೈದ್ರೆ ನೀವಿಲ್ದಾಗ ಎಳೀತಾಳೆ. "ಕೈಕಾಲು, ಬೆನ್ನು ನೀನು ತಿಕ್ಕು, ಗೋಣು ಮಾತ್ರ ಆಸ್ಪತ್ರೆಯೋರ್ದು" ಅಂದ್ರೆ ಕೇಳ್ತಾಳೆ. ಬಿಸಿನೀರು ಆದ್ಮೇಲೆ ಸ್ನಾಯು ಸಡಿಲ ಇರ್ತೈತೆ, ಎಣ್ಣೆ ಒರೆಸಿ ಆಗ್ಲೇ ಒಂದು ಸುತ್ತು ಮಾಡ್ಸಿ. ಹುಟ್ಟಿದ ಕೂಸು ನೋಡೋಕಂತ ಆಶಾ ಮನೆಗೆ ಬರೋ ಮೊದಲ ಸುತ್ತು 42ನೇ ದಿನಕ್ಕೆ ಮುಗೀತೈತೆ, ಈ ಕೂಸಿಂದು ಮುಗಿದೈತೆ. 10 ಮತ್ತು 14ನೇ ವಾರದ ಚುಚ್ಚುಮದ್ದಿಗೆ ಬಂದಾಗ ಗೋಣು ನೋಡೋಕೆ ಅಲ್ಲಿ ಸಿಸ್ಟರಿಗೆ ಹೇಳಿಡಿ.

ಕಣ್ಣು_ವಿಭಾಗ

ಕಣ್ಣಿನ ವೈದ್ಯರನ್ನು ಮರೆತುಬಿಟ್ಟಿದ್ದೀರಿ. ಗಂಟೂ ಇಲ್ಲ, ಬಿಗಿಯೂ ಇಲ್ಲ, ಕೂತಾಗ ವಾಲ್ತದೆ, ಮಲಗಿದಾಗ ನೆಟ್ಟಗೆ ಅಂದರೆ ಕಣ್ಣಿನ ಸ್ನಾಯುವಿನದು. ಒಂದು ಕಣ್ಣು ಮುಚ್ಚಿದಾಗ ತಲೆ ನೆಟ್ಟಗಾದರೆ ಅನುಮಾನ ಗಟ್ಟಿ. ಇದು ಎದ್ದು ಕಾಣೋದು ಗೋಣು ನಿಂತ ಮೇಲೆ, 4-5 ತಿಂಗಳಿಗೆ. ಈ ಕೂಸಿಗೆ ಈಗ ಅವಸರ ಇಲ್ಲ, ಆದರೆ ಗೋಣು ಪೂರ್ತಿ ತಿರುಗಿದ ಮೇಲೂ ವಾಲೋದು ಉಳಿದರೆ ಕಳಿಸಿ.

ಮೂಳೆ_ಕೀಲು_ದಾವಣಗೆರೆ

ಹೆಲ್ಮೆಟ್ ಬಗ್ಗೆ ಯಾರೋ ಕೇಳೇ ಕೇಳ್ತಾರೆ. ಅದು ತಲೆಬುರುಡೆಯ ಆಕಾರಕ್ಕೆ, ಸ್ನಾಯುವಿಗೆ ಅಲ್ಲ. 4 ತಿಂಗಳಿಗೆ ಮುಂಚೆ ಮಾತೇ ಬೇಡ, ವರ್ಷ ದಾಟಿದರೆ ಉಪಯೋಗ ಕಮ್ಮಿ. ದಿನಕ್ಕೆ ಸುಮಾರು 23 ಗಂಟೆ ಹಾಕಿರಬೇಕು, ನಮ್ಮ ಬೇಸಿಗೆಯಲ್ಲಿ ಬೆವರುಸಾಲೆ ಬಂದು ಬಿಚ್ಚಿಡೋರೇ ಹೆಚ್ಚು. ಮಲಗಿಸುವ ಕ್ರಮ ಈಗಿಂದ ಬದಲಿಸಿದರೆ ಬಹುತೇಕರಿಗೆ ಬೇಕಾಗಲ್ಲ.

ಆಪರೇಷನ್ ಮಾತು ಕನಿಷ್ಠ 6 ತಿಂಗಳು ಸರಿಯಾಗಿ ಚಿಕಿತ್ಸೆ ಮಾಡಿಯೂ 15 ಡಿಗ್ರಿಗಿಂತ ಹೆಚ್ಚು ಕೊರತೆ ಉಳಿದರೆ, ಅದೂ ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ. ಆಪರೇಷನ್ ಆದಮೇಲೂ ಫಿಸಿಯೋ ತಪ್ಪಲ್ಲ.

ಇದನ್ನು ಓದಿ ದೊಡ್ಡ ಮಕ್ಕಳಿಗೆ ಯಾರೂ ಇದೇ ಕಸರತ್ತು ಮಾಡಬೇಡಿ. ಗಂಟಲು ನೋವು, ಜ್ವರ ಬಂದುಹೋಗಿ ಗೋಣು ಸಿಕ್ಕಿಹಾಕಿಕೊಂಡ ಮಗುವಿಗೆ ಕತ್ತಿನ ಮೇಲಿನ ಮೂಳೆ ಜಾರಿರಬಹುದು, ತಿರುಗಿಸಿದರೆ ಬೆನ್ನುಹುರಿಗೆ ಅಪಾಯ. ವಾಂತಿ ನಿಲ್ಲೋಕೆ ಮೆಟೊಕ್ಲೋಪ್ರಮೈಡ್ ಕೊಟ್ಟ ಮೇಲೆ ಗೋಣು ತಿರುಚಿದರೆ ಅದು ಔಷಧದ ಪರಿಣಾಮ, ತುರ್ತು ವಿಭಾಗಕ್ಕೆ ಹೋಗಿ.

ಕೂಸಿನ_ಕಸರತ್ತು (ದಾವಣಗೆರೆ)

ಅಳತೆ ಬಗ್ಗೆ ಒಂದು ಮಾತು, ಹದಿನೈದು ದಿನಕ್ಕೊಮ್ಮೆ ಬರೋರಿಗೆ ಇದು ಬೇಕೇ ಬೇಕು. ಕೂಸನ್ನು ಅಂಗಾತ ಮಲಗಿಸಿ, ಎರಡೂ ಭುಜ ಚಾಪೆಯ ಒಂದೇ ಗೆರೆ ಮೇಲೆ ಇಟ್ಟು, ಮೊಬೈಲನ್ನು ನೇರ ಮೇಲಿಂದ ಹಿಡಿದು ಫೋಟೋ ತೆಗೀರಿ. ಎರಡು ಕಣ್ಣಿನ ಗೆರೆ, ಎರಡು ಭುಜದ ಗೆರೆ, ಅವುಗಳ ನಡುವಿನ ಕೋನವೇ ವಾಲಿಕೆ. ಓರೆಯಾಗಿ ತೆಗೆದ ಫೋಟೋ ಸುಳ್ಳು ಹೇಳ್ತದೆ. 4ರಿಂದ 6 ವಾರದಲ್ಲಿ ಏನೂ ಕದಲದಿದ್ದರೆ ಮಕ್ಕಳ ವೈದ್ಯರ ಬಳಿ ವಾಪಸ್.

ಗೋಣು ನಿಂತ ಮೇಲೆ, ಅಂದರೆ 4ನೇ ತಿಂಗಳ ಹೊತ್ತಿಗೆ, ಶಕ್ತಿ ಹೆಚ್ಚಿಸೋ ಕಸರತ್ತು ಸೇರಿಸಿ: ಕನ್ನಡಿ ಮುಂದೆ ಎದೆ ಹಿಡಿದು ಕೂಸನ್ನು ನಿಧಾನ ಬಲಕ್ಕೆ ಓರೆ ಮಾಡಿದರೆ ಅದು ತಲೆಯನ್ನು ಎಡಕ್ಕೆ ಎತ್ತಿ ನೆಟ್ಟಗೆ ಮಾಡಿಕೊಳ್ತದೆ. ಹಿಗ್ಗಿಸಿದ್ದು ಬಲ ಸ್ನಾಯು, ಗಟ್ಟಿ ಮಾಡಬೇಕಾದ್ದು ಎಡದ್ದು. ಇದನ್ನು ಬಿಟ್ಟರೆ ಗೋಣು ಪೂರ್ತಿ ತಿರುಗಿದರೂ ಆಯಾಸ ಆದಾಗೆಲ್ಲ ವಾಲ್ತದೆ.

ಐದನೇ ತಿಂಗಳಿಗೆ ಕೂಸು ಹೊಸದುರ್ಗಕ್ಕೆ ಹೋಗುವಾಗ ಕೈ ಬದಲಾಗ್ತವೆ, ತವರಿನ ಅಜ್ಜಿ ಕಲಿತದ್ದು ಅತ್ತೆಗೆ ಗೊತ್ತಿರಲ್ಲ. ತಾಯಿ ಮಾಡಿ ತೋರಿಸೋದನ್ನು ಅವರ ಫೋನಲ್ಲೇ ವಿಡಿಯೋ ಮಾಡಿಸಿ. ಹಾಳೆಯಲ್ಲಿ ದೊಡ್ಡದಾಗಿ "ಮುಖ ಬಲಕ್ಕೆ, ಕಿವಿ ಎಡಕ್ಕೆ" ಅಂತ ಬರೆದು, ಆವತ್ತಿನ ಡಿಗ್ರಿ, ಸೊಂಟದ ಸ್ಕ್ಯಾನ್ ವರದಿ ಜೊತೆ ತಾಯಿ ಕಾರ್ಡಿಗೆ ಪಿನ್ ಮಾಡಿ. ಎರಡೂ ಬದಿಯ ವ್ಯತ್ಯಾಸ 5 ಡಿಗ್ರಿಯೊಳಗೆ ಬಂದು, ವಾಲಿಕೆ ಕಾಣದೆ, ಎರಡೂ ಕೈ ಸಮ ಬಳಸ್ತಾ, ವಯಸ್ಸಿಗೆ ತಕ್ಕಂತೆ ಮಗುಚಿ ಕೂರ್ತಿದ್ದರೆ ಕಸರತ್ತು ಬಿಡಬಹುದು. ನಡೆಯೋಕೆ ಶುರು ಮಾಡಿದಾಗ ಮತ್ತೊಮ್ಮೆ ನೋಡಿ, ಕೆಲವರಿಗೆ ಆಗ ಪುನಃ ವಾಲ್ತದೆ.