ಆನೆಗುಂದಿ ಕಡೆ ಹದಿನೈದು ದಿನ ಇದ್ದು ಬರೀಬೇಕು ಅಂತಿದೀನಿ, ನಿಮ್ಮ ಅನುಭವ ಹೇಳಿ

ಕೇಳಿದವರು (ಬೆಂಗಳೂರು): ಹಂಪಿನ ಎರಡು ದಿನದಲ್ಲಿ ಓಡಿ ನೋಡೋದು ಬೇಡ ಅನ್ಸಿದೆ. ಆನೆಗುಂದಿ, ಕೊಪ್ಪಳ ಕಡೆ ನಿಧಾನಕ್ಕೆ ಇದ್ದು ಅಲ್ಲಿನ ಜನರ ಬಗ್ಗೆ ಬರೀಬೇಕು, ಆದ್ರೆ ಬರೆದಿದ್ದರಿಂದ ಅವರಿಗೆ ಬೇಜಾರಾಗಬಾರದು. ಏನ್ ಮಾಡ್ಲಿ?

ಕೊಪ್ಪಳ: ನಾ ಮಾಡಿದ್ ತಪ್ಪ ಹೇಳ್ತೀನಿ ಕೇಳ್ರಿ. ಕಿನ್ನಾಳ ನಮಗ ಭಾಳ ದೂರೇನಿಲ್ಲ, ಆದ್ರೂ ನಾ ಹೋಗಿದ್ದು ಒಂದ ಮಧ್ಯಾಹ್ನ, ಕಟಿಗಿ ಗೊಂಬಿ ಮಾಡೋ ಚಿತ್ರಗಾರರ ಮನ್ಯಾಗ ಚಾ ಕುಡ್ದು ನಾಕ್ ಫೋಟೋ ತಗೊಂಡ್ ಬಂದು "ಅಳಿವಿನಂಚಿನ ಕಲೆ" ಅಂತ ಹೆಡ್ಡಿಂಗ್ ಕೊಟ್ಟು ಬರದೆ, ಲೈಕ್ ಏನೋ ಭಾಳ ಬಂದ್ವು. ಮುಂದ ಕಾಮಧೇನು ಗೊಂಬಿ ತರಾಕ ಹೋದ್ರ ಆ ಮನಿ ಅಜ್ಜ "ಬರ್ರಿ, ನಮ್ಮನ್ನ ಮುಗಿಸಿದವ್ರು ಬಂದ್ರು" ಅಂದ. ಆರ್ಡರ್ ಕೊಡೋರೊಬ್ರು ಅದನ್ನ ಓದಿ "ಇನ್ನ ಮಾಡ್ತೀರೇನ್ರಿ, ಬಿಟ್ರ್ಯಾ?" ಅಂತ ಫೋನ್ ಮಾಡಿದ್ರಂತ. ಆಮ್ಯಾಲೆ ಎಂಟ್ ದಿನ ಹೋಗಿ ಸುಮ್ನ ಕುಂತೆ. ಸೆಣಬಿನ ಚಿಂದಿ ಪುಡಿ, ಕಟಿಗಿ ಹೊಟ್ಟು, ಹುಣಸಿಬೀಜದ ಅಂಟು ಕಲಿಸಿ ಕಿಟ್ಟ ಮಾಡ್ತಾರ್ರಿ, ಅದ್ರಾಗ ಗೊಂಬಿ ಮೂಗು ತಿದ್ದೋದು. ಮೂರನೇ ದಿನ ನನ್ ಕೈಗೂ ಒಂದ್ ಉಂಡಿ ಕೊಟ್ಟ, ನಾ ಮಾಡಿದ್ ಮೂಗು ಆನಿ ಸೊಂಡ್ಲ ಆತು, ಮನಿಮಂದೆಲ್ಲ ನಕ್ಕರು. ಎರಡನೇ ಸಲ ಬರದದ್ದನ್ನ ಅವ್ನ ಮಗಳ ಕಡೆ ಓದಿಸಿದೆ, ಎರಡ್ ಸಾಲು ತಗಿಸಿದ್ಲು, ಅವ್ರಪ್ಪನ ಸಾಲದ ಲೆಕ್ಕ ಇತ್ತು ಅದ್ರಾಗ.

ಗಂಗಾವತಿ: ಹುಲಿಗಿ ಹುಲಿಗೆಮ್ಮನ ಗುಡಿಗೆ ಹುಣ್ಣಿವಿ ದಿನ ಹೋದ್ರ ಕ್ಯಾಮರಾ ಬ್ಯಾಗಿನಾಗ ಇರ್ಲಿ. ನಮ್ಮ ದೋಸ್ತೊಬ್ಬ ಪಡ್ಡಲಗಿ (ದೇವಿ ಬುಟ್ಟಿ) ಹಿಡಕೊಂಡಾಕಿ ಫೋಟೋ ಹಾಕಿ ಕೆಳಗ "ದೇವದಾಸಿ" ಅಂತ ಬರದ. ಆಕಿ ಹರಕಿ ತೀರ್ಸಾಕ ಬಂದಾಕ್ರೀ! 1982ರ ಕಾಯ್ದೆ ಬಂದಾಗಿಂದ ಹೆಣ್ಮಕ್ಕಳ್ನ ದೇವದಾಸಿ ಅಂತ ದೇವ್ರಿಗೆ ಬಿಡೋದು ಅಪರಾಧ, ಆ ಒಂದ್ ಶಬ್ದ ಆಕಿ ಮನಿ ಬಾಗ್ಲಿಗೆ ವಿಚಾರಣಿ ತರಬಹುದು, ಮಗಳ ಸಂಬಂಧ ಮುರಿಬಹುದು.

ರಾಯಚೂರು: ಖರೆ ಅದ, ಆದ್ರ ಎಲ್ಲದಕ್ಕೂ ಪರ್ಮಿಷನ್ ಅಂತ ಕುಂತ್ರ ಬರಿಯೋದ್ಯಾವಾಗ್ರಿ? ನನ್ ತಕರಾರು ಬ್ಯಾರೆ. ಮುದಗಲ್ ಮೊಹರಂಗೆ ಹಿಂದೂ ಮನಿಯವ್ರೂ ಅಲಾಯಿ ದೇವ್ರಿಗೆ (ಮೊಹರಂನಾಗ ಕೂಡ್ಸೋ ಪಂಜಾ) ಹರಕಿ ಹೊರ್ತಾರ, ಹೊರಗಿಂದ ಬಂದೋರು "ಭಾವೈಕ್ಯ" ಅಂತ ಒಂದ್ ಶಬ್ದ ಬರದು ಬಸ್ ಹತ್ತತಾರ. ಯಾರ ಮನ್ಯಾಗ ಚೋಂಗೆ (ಸಿಹಿ ರೊಟ್ಟಿ) ತಿಂದ್ರಿ, ಹುಡುಗ್ರು ಯಾಕ ಜಗಳ ತಗದ್ರು, ಅದನ್ನ ಬರೀರಿ.

ಯಲಬುರ್ಗಾ: ಏಪ್ರಿಲ್, ಮೇ ಬ್ಯಾಡ್ರಿ, ಬಿಸಿಲಿಗೆ ಸತ್ತಗಿತ್ತೀರಿ. ಜನವರಿಗೆ ಕೊಪ್ಪಳದ ಗವಿಮಠದ ಜಾತ್ರಿಗೆ ಬರ್ರಿ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಾಗ ಜ್ವಾಳದ ರೊಟ್ಟಿ ಬರ್ತಾವ, ದಾಸೋಹದಾಗ ಬಡಿಸಾಕ ನಿಂದ್ರಿ, ಅವ್ರಾಗೇ ಮಾತಾಡಸ್ತಾರ.

ಕೇಳಿದವರು: ಜನವರಿಗೇ ಬರ್ತೀನಿ ಹಾಗಾದ್ರೆ. ಒಂದ್ ಡೌಟು, ಓದಿಸಿದಾಗ ಪೂರ್ತಿ ಬೇಡ ಅಂದ್ಬಿಟ್ರೆ?

ಕೊಪ್ಪಳ: ನಂಗೊಮ್ಮೆ ಆಗೇತ್ರಿ. ಹರದ್ ಹಾಕಿ, ಅವ್ರ ಜೋಡಿನ ಮಿರ್ಚಿ ಮಂಡಕ್ಕಿ ತಿಂದು ಮನಿಗೆ ಬಂದೆ.